ಆವಿಲಾದಲ್ಲಿ ಅಪ್ಪನ ದಾರಿ

“ಅಪ್ಪ, ಸ್ಟಾಪ್! ನಾನು ಲೆಫ್ಟ್ ಅಂದೆ, ನೀನು ರೈಟಿಗೆ ಹೋದೆ!”

“ಸಾರಿ ಕ್ಯಾಪ್ಟನ್!” ಫೋನಿನ ತುಂಬ ಅಪ್ಪನ ಮೂಗೇ ಕಾಣುತ್ತಿತ್ತು. “ಈಗ ಲೆಫ್ಟ್. ಸರೀನಾ?”

“ಸರಿ. ನಡಿ.”

ಅಪೇಕ್ಷಾ ಕೂತಿದ್ದದ್ದು ಭೂಮಿಯ ದಕ್ಷಿಣ ಭಾಗದ ಊರು ಪಾಮರ್ಸ್ಟನ್ ನಾರ್ತಿನ ಮನೆಯ ಅಡುಗೆಮನೆಯಲ್ಲಿ. ಹೊರಗೆ ಶನಿವಾರದ ಬೆಳಗು, ಹುಲ್ಲಿನ ಮೇಲೆ ಬೆಳ್ಳಗೆ ಹಿಮ. ಅಪ್ಪ ಇದ್ದ ಆವಿಲಾದಲ್ಲಿ ಇನ್ನೂ ಶುಕ್ರವಾರದ ರಾತ್ರಿ. ಅದು ಸ್ಪೇನಿನ ಹಳೇ ಊರು, ಸುತ್ತ ಕಲ್ಲಿನ ಕೋಟೆ. ಇಲ್ಲಿಂದ ನೆಟ್ಟಗೆ ನೆಲ ಕೊರೆದರೆ ಹೆಚ್ಚುಕಮ್ಮಿ ಅಲ್ಲೇ ಹೊರಗೆ ಬರುತ್ತೇವೆ ಎಂದು ಟೀಚರ್ ಗ್ಲೋಬ್ ತಿರುಗಿಸಿ ತೋರಿಸಿದ್ದರು.

ಅಪ್ಪನಿಗೆ ದಾರಿ ಗೊತ್ತಾಗುವುದೇ ಇಲ್ಲ. ಮಾಲಿನ ಪಾರ್ಕಿಂಗಿನಲ್ಲಿ ತನ್ನ ಕಾರನ್ನೇ ಹುಡುಕುತ್ತಾನೆ. ಅದಕ್ಕೇ ಮನೆಯಲ್ಲಿ ಮ್ಯಾಪ್ ನೋಡುವ ಕೆಲಸ ಅಪೇಕ್ಷಾಳದು. ಇವತ್ತೂ ಅಷ್ಟೇ. ಲ್ಯಾಪ್‌ಟಾಪಿನ ಮ್ಯಾಪಿನಲ್ಲಿ ನೀಲಿ ಚುಕ್ಕೆ ಅಪ್ಪ. ಕೆಂಪು ಗುರುತು ಅಪ್ಪನ ಹೋಟೆಲ್.

ಮೂರು ತಿಂಗಳ ಕೆಲಸ ಎಂದು ಹೋದವನು ಇನ್ನೂ ಬಂದಿರಲಿಲ್ಲ. “ನಿನ್ನ ನೆಟ್‌ಬಾಲ್ ಫೈನಲ್‌ಗೆ ಬರ್ತೀನಿ” ಅಂದಿದ್ದ. ಫೈನಲ್ ಮುಂದಿನ ಶನಿವಾರ. ಟಿಕೆಟ್ ಆಯಿತೇ ಎಂದು ಇವತ್ತು ಕೇಳಲೇಬೇಕು. ಏನೋ ಕೇಳಬೇಕು ಎಂದು ಫೋನು ಎತ್ತಿದ ಕೂಡಲೇ ಹೇಳಿಟ್ಟಿದ್ದಳು.

“ಅಪ್ಪ, ನಕ್ಷತ್ರ ತೋರ್ಸು.”

ಅಪ್ಪ ಫೋನು ಮೇಲೆತ್ತಿದ. ಬರೀ ಕಪ್ಪು.

“ಏನೂ ಕಾಣ್ತಿಲ್ಲ.”

“ನಂಗೆ ಕಾಣ್ತಿದೆ ಪುಟ್ಟಿ. ತುಂಬಾ ಇದೆ.”

“ಸದರ್ನ್ ಕ್ರಾಸ್?”

“ಅದು ಇಲ್ಲಿಗೆ ಕಾಣಲ್ಲ. ಅದು ನಿಂದು.”

ಅಪ್ಪ ನಕ್ಷತ್ರಗಳ ಬಗ್ಗೆ ಹೇಳುತ್ತಾ ನಡೆದ. ದೀಪದ ಕೆಳಗೆ ಹಳದಿ ಗೋಡೆಗಳು ಬಂದವು, ಹೋದವು. ಅಪೇಕ್ಷಾ ‘ರೈಟ್’ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ ರೈಟಿಗೆ ತಿರುಗಿಬಿಟ್ಟಿದ್ದ.

ಮುಂದೆ ಕತ್ತಲಲ್ಲಿ ಮೆಟ್ಟಿಲು. “ಜೋಪಾನ!” ಎನ್ನುವಷ್ಟರಲ್ಲಿ ಮಾತು ನಿಲ್ಲಿಸದೆ ದಡದಡ ಇಳಿದ. ಮುರಿದ ಕೊನೇ ಮೆಟ್ಟಿಲನ್ನು ನೋಡದೆಯೇ ದಾಟಿದ.

ಅಪೇಕ್ಷಾ ಮ್ಯಾಪಿನ ನೀಲಿ ಚುಕ್ಕೆಯನ್ನು ನೋಡಿದಳು.

ಎಲ್ಲಿಂದಲೋ ಒಂದು ಕಂದು ನಾಯಿ ಓಡಿಬಂದು ಅಪ್ಪನ ಕಾಲಿಗೆ ಸುತ್ತಿಕೊಂಡಿತು. ಬೊಗಳಲಿಲ್ಲ.

“ಏಯ್, ಇವತ್ತು ಬಿಸ್ಕತ್ ಇಲ್ವೋ! ನಾಳೆ, ನಾಳೆ,” ಎಂದು ಅಪ್ಪ ಅದರ ಕಿವಿ ಕೆರೆದ. ಆಮೇಲೆ ಥಟ್ಟನೆ ಫೋನು ನೋಡಿದ. “ಯಾವ ಕಡೆ ಈಗ, ಕ್ಯಾಪ್ಟನ್? ನಂಗೇನೂ ಗೊತ್ತಾಗ್ತಿಲ್ಲ.”

“ಸ್ಟ್ರೇಟ್,” ಎಂದಳು. ದನಿ ಸಣ್ಣದಾಗಿತ್ತು.

ಸ್ವಲ್ಪ ದೂರ ಹೋಗಿ ಅಪ್ಪ ಒಂದು ಹಸಿರು ಬಾಗಿಲ ಮುಂದೆ ನಿಂತ. ಫೋನು ಓರೆಯಾಯಿತು. ಬೀಗದ ಸದ್ದು. ಬಾಗಿಲ ಒಳಗೆ, ಗೋಡೆಯ ಮೊಳೆಗೆ, ಅಪ್ಪನ ನೀಲಿ ರೇನ್‌ಕೋಟು ತೂಗುತ್ತಿತ್ತು. ಅದರ ಪಕ್ಕದಲ್ಲಿ ಯಾರದೋ ಕೆಂಪು ಛತ್ರಿ.

“ಬಂದೇ ಬಿಟ್ಟೆ ಹೋಟೆಲ್‌ಗೆ! ನೀನಿಲ್ದಿದ್ರೆ ಕಳೆದೇ ಹೋಗ್ತಿದ್ದೆ ನೋಡು.”

ಅಪೇಕ್ಷಾ ಮ್ಯಾಪ್ ನೋಡಿದಳು. ಹೋಟೆಲಿನ ಕೆಂಪು ಗುರುತು ಇನ್ನೂ ಎರಡು ಬೀದಿ ಆಚೆ ಇತ್ತು.

“ಏನೋ ಕೇಳ್ಬೇಕು ಅಂದಿದ್ಯಲ್ಲ ಪುಟ್ಟಿ?”

“ಏನಿಲ್ಲ. ಮರ್ತೋಯ್ತು. ಗುಡ್ ನೈಟ್ ಅಪ್ಪ.”

ಫೋನು ಆರಿತು. ಅವಳು ಕೆಂಪು ಗುರುತನ್ನು ಮ್ಯಾಪಿನಿಂದ ಅಳಿಸಿದಳು. ಹಸಿರು ಬಾಗಿಲಿಗೆ ಬೇರೆ ಗುರುತು ಹಾಕಲಿಲ್ಲ.

ಆಸ್ಪತ್ರೆಯ ರಾತ್ರಿ ಡ್ಯೂಟಿ ಮುಗಿಸಿ ಬಂದಿದ್ದ ಅಮ್ಮ, ಯೂನಿಫಾರ್ಮಿನಲ್ಲೇ ಸೋಫಾದ ಮೇಲೆ ಮಲಗಿದ್ದಳು. ಅಪೇಕ್ಷಾ ಹೊದಿಕೆ ತಂದು ಹೊದಿಸಿದಳು.

ಅಮ್ಮ ಕಣ್ಣು ತೆರೆಯದೆ ಕೇಳಿದಳು, “ಅಪ್ಪ ಹೋಟೆಲ್ ತಲುಪಿದ್ನಾ?”

ಅಪೇಕ್ಷಾ ಹೊದಿಕೆಯ ಅಂಚನ್ನು ಅಮ್ಮನ ಪಾದದ ಕೆಳಗೆ ಸೇರಿಸಿದಳು.

“ಮನೆ ತಲುಪಿದ,” ಎಂದಳು.

ಅಮ್ಮ ಕಣ್ಣು ತೆರೆದಳು. ಹೊದಿಕೆಯನ್ನು ಒಂದು ಪಕ್ಕ ಎತ್ತಿ, ಮಗಳಿಗೆ ಜಾಗ ಮಾಡಿದಳು.