ಪೆಟ್ಟಿಗೆ ಬಾಗಿಲ ಹೊರಗಿಟ್ಟ ಮೇಲೆ

"ಇದು ಯಾರ ಚೀಲ?"

ಬ್ರಾನ್ವಿನ್ ಕಪ್ಪು ಚೀಲದೊಳಗಿಂದ ಇಸ್ತ್ರಿಪೆಟ್ಟಿಗೆಯೊಂದನ್ನು ಹೊರತೆಗೆದು ಎತ್ತಿ ಹಿಡಿದಳು. ಬೌಲ್ಸ್ ಆಟದ ಕ್ಲಬ್ಬಿನ ಹಾಲ್‌ನಲ್ಲಿ ಕೂತಿದ್ದವರೆಲ್ಲ ಕತ್ತು ಉದ್ದ ಮಾಡಿ ನೋಡಿದರು.

ಹಿಂದೆ ಗೋಡೆಗೆ ಒರಗಿ, ಕೈಕಟ್ಟಿ ನಿಂತಿದ್ದವನೊಬ್ಬ ಮಾತ್ರ ಅಲುಗಲಿಲ್ಲ.

"ನಮ್ಮಮ್ಮಂದು. ಯಾಕೆ, ಅದೇನು ಬಾಂಬಾ?"

ಹಾಲ್‌ನಲ್ಲಿ ನಗು ಹರಡಿತು. ಬ್ರಾನ್ವಿನ್‌ಳ ಕೆನ್ನೆ ಬಿಸಿಯಾಯಿತು. ಇಷ್ಟು ವರ್ಷ ಇದೇ ಹಾಲ್‌ನಲ್ಲಿ ಮಾತಾಡಿದ್ದಾಳೆ. ಅಡ್ಡ ಮಾತು ಆಡಿದವರು ಬೇಕಾದಷ್ಟು ಜನ ಇದ್ದರು. ಆದರೆ ಇಷ್ಟು ನಿಧಾನವಾಗಿ, ಕಣ್ಣಲ್ಲಿ ಕಣ್ಣಿಟ್ಟು ಕೇಳಿದವರು ಯಾರೂ ಇರಲಿಲ್ಲ...

"ಹಡಗಿನವರ ಪಾಲಿಗೆ ಬಾಂಬಿಗಿಂತ ಏನೂ ಕಮ್ಮಿ ಇಲ್ಲ," ಎಂದಳು. "ನಡುನೀರಲ್ಲಿ ಬೆಂಕಿ ಹತ್ಕೊಂಡ್ರೆ ಎಲ್ಲಿಗೆ ಓಡ್ತೀರಿ ಸ್ವಾಮಿ?"

ಈ ಸಲ ನಗು ಅವಳ ಕಡೆಗೆ ಬಂತು. ಅವನ ತುಟಿಯ ಒಂದು ತುದಿಯೂ ಸ್ವಲ್ಪ ಮೇಲೇರಿದ್ದನ್ನು ಅವಳು ನೋಡಿದಳು. ನೋಡದವಳಂತೆ ಮತ್ತೆ ಚೀಲಕ್ಕೆ ಕೈ ಹಾಕಿದಳು. ಉದ್ದ ವೈರಿನ ಪ್ಲಗ್ ಬೋರ್ಡು ಬಂತು. ಅದರ ಹಿಂದೆಯೇ ಮನೆಯಲ್ಲಿ ಮಾಡಿದ ಕೆಂಪು ಮೆಣಸಿನಕಾಯಿ ಗೊಜ್ಜಿನ ದೊಡ್ಡ ಬಾಟಲಿ ಬಂತು.

ಮುಂದಿನ ಸಾಲಿನಲ್ಲಿದ್ದ ಮುದುಕಿ ಸ್ಲಾವ್ಕಾ ಎದೆ ಮುಟ್ಟಿಕೊಂಡಳು. "ಅದನ್ನೂ ಬಿಡ್ಬೇಕಾ ಹುಡುಗಿ? ಅಲ್ಲಿ ಊಟ ಸಪ್ಪೆ ಇದ್ರೆ ನನ್ನ ಗತಿ ಏನು?"

ಸಿಡ್ನಿಯ ಉತ್ತರಕ್ಕಿರುವ ನಮ್ಮ ನ್ಯೂಕ್ಯಾಸಲ್‌ನಲ್ಲಿ ಹಡಗಿನ ರಜೆಗೆ ಹೊರಡುವವರು ಬ್ರಾನ್ವಿನ್ ಪ್ರೈಸ್‌ಳ ಕೈಗೆ ಸಿಕ್ಕದೆ ಹೊರಡುವಂತಿಲ್ಲ. ಹ್ಯಾಮಿಲ್ಟನ್ ಬಡಾವಣೆಯಲ್ಲಿ ಪ್ರವಾಸ ಏರ್ಪಡಿಸುವ ಪುಟ್ಟ ಅಂಗಡಿಯೊಂದರಲ್ಲಿ ಅವಳ ಕೆಲಸ. ಗುಂಪು ಹೊರಡುವ ಮುನ್ನ ಎಲ್ಲರನ್ನೂ ಕ್ಲಬ್ಬಿಗೆ ಕರೆದು, ತುಂಬಿದ ಚೀಲಗಳನ್ನು ಎಲ್ಲರೆದುರು ಬಿಚ್ಚಿಸುವುದು ಅವಳ ಪದ್ಧತಿ. ಹೋಗುವಾಗ ಬೈದುಕೊಂಡವರು ಬರುವಾಗ ಚಾಕಲೇಟು ತಂದುಕೊಡುತ್ತಿದ್ದರು.

ಅವತ್ತೂ ಎಂದಿನಂತೆ ಹೇಳಿದಳು. ಒಂದು ದಿನ ಮೊದಲೇ ಸಿಡ್ನಿ ಸೇರಿಕೊಳ್ಳಿ, ಹಡಗು ಯಾರಪ್ಪನ ಮನೆಯ ಬಂಡಿಯಲ್ಲ, ಕಾಯುವುದಿಲ್ಲ. ಬಂದರಿನಲ್ಲಿ ಕೊಟ್ಟ ಪೆಟ್ಟಿಗೆ ಕ್ಯಾಬಿನ್‌ಗೆ ಬರುವುದು ಸಂಜೆಯಾಗುತ್ತದೆ. ಹಾಗಾಗಿ ಮಾತ್ರೆ, ಪಾಸ್‌ಪೋರ್ಟ್, ಈಜುಡುಗೆ ಕೈಚೀಲದಲ್ಲೇ ಇರಲಿ. ಹಡಗು ಹತ್ತಿದ ಕೂಡಲೇ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಬಿಲ್ಲು ನೋಡಿ ಎದೆ ಒಡೆದೀತು. ಹೊಟ್ಟೆ ತೊಳಸುವವರು ಹಡಗಿನ ಮಧ್ಯದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕ್ಯಾಬಿನ್ ಹಿಡಿಯಿರಿ. ಶುಂಠಿ, ಹಸಿರು ಸೇಬು ತಿನ್ನಿ. ಆದರೆ ಉಳಿದ ಹಣ್ಣನ್ನು ಹಡಗಿನಿಂದ ಕೆಳಗೆ ಇಳಿಸುವಂತಿಲ್ಲ.

"ಕೊನೆಯದು, ಎಲ್ಲಕ್ಕಿಂತ ದೊಡ್ಡದು. ಕೊನೇ ರಾತ್ರಿ ಪೆಟ್ಟಿಗೇನ ಬಾಗಿಲ ಹೊರಗೆ ಇಡ್ಬೇಕು, ಅವರೇ ದಡಕ್ಕೆ ತಗೊಂಡು ಹೋಗ್ತಾರೆ. ಇಡೋ ಮುಂಚೆ ಮಾರನೇ ದಿನದ ಬಟ್ಟೆ ತೆಗೆದಿಟ್ಕೊಳ್ಳಿ. ಹೋದ ವರ್ಷ ಒಬ್ರು ಬರೀ ಬನಿಯನ್ನು, ಟವೆಲ್ಲಲ್ಲಿ ಸಿಡ್ನಿಗೆ ಇಳಿದ್ರು."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಈ ಕಥೆಗೆ ಯಾವಾಗಲೂ ನಗುತ್ತಾರೆ.

ಹೊರಡುವಾಗ ಅವನು ಇಸ್ತ್ರಿಪೆಟ್ಟಿಗೆ ವಾಪಸು ಪಡೆಯಲು ಮೇಜಿನ ಬಳಿ ಬಂದ. ದಾರ್ಕೊ ಅವನ ಹೆಸರು, ಸ್ಲಾವ್ಕಾಳ ಒಬ್ಬನೇ ಮಗ. ನಮ್ಮ ಬಂದರಿಗೆ ಕಲ್ಲಿದ್ದಲು ತುಂಬಲು ಬರುವ ದೈತ್ಯ ಹಡಗುಗಳನ್ನು ಎಳೆದು ತರುವ ಟಗ್ ಬೋಟಿನ ಕ್ಯಾಪ್ಟನ್. ಅಮ್ಮನ ಹಟಕ್ಕೆ ಅವನೂ ಈ ಗುಂಪಿನಲ್ಲಿ ಹೊರಟಿದ್ದ. ಮುಂಭಾಗದ ತುತ್ತತುದಿಯಲ್ಲಿ, ಮೇಲಿನ ಅಂತಸ್ತಿನಲ್ಲಿ, ಕಿಟಕಿಯೂ ಇಲ್ಲದ ಅಗ್ಗದ ಕ್ಯಾಬಿನ್ ಹಿಡಿದಿದ್ದ.

"ಅಲ್ಲಿ ತುಂಬಾ ಓಲಾಡುತ್ತೆ. ಬದಲಾಯಿಸ್ಲಾ?" ಎಂದು ಬ್ರಾನ್ವಿನ್ ಕೇಳಿದಳು.

"ನಾನು ಅರ್ಧ ಆಯುಷ್ಯ ನೀರ ಮೇಲೆ ಕಳೆದಿದೀನಿ ಕಣ್ರೀ. ಸೇಬು ಗೀಬು ನೀವೇ ಇಟ್ಕೊಳ್ಳಿ."

'ಜಂಬದ ಕೋಳಿ!' ಎಂದುಕೊಂಡಳು ಬ್ರಾನ್ವಿನ್. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಕೋಳಿಯದೇ ಯೋಚನೆ ಯಾಕೆ ಬಂತೋ, ಅವಳಿಗೇ ತಿಳಿಯಲಿಲ್ಲ.

ಈ ಸಲ ಗುಂಪನ್ನು ಕರೆದೊಯ್ಯುವ ಹೊಣೆಯೂ ಬ್ರಾನ್ವಿನ್‌ಳದೇ. ಹಡಗು ಸಿಡ್ನಿ ಬಿಟ್ಟಾಗ ಸಮುದ್ರ ಹಾಸಿದ ಚಾದರದಂತೆ ಸಪಾಟಾಗಿತ್ತು. ಗುಂಪಿನ ಊಟದ ಮೇಜಿನಲ್ಲಿ ದಾರ್ಕೊಗೆ ಸಿಕ್ಕ ಕುರ್ಚಿ ಬ್ರಾನ್ವಿನ್‌ಳ ಪಕ್ಕದ್ದು. ಸಿಕ್ಕಿತೋ, ಸ್ಲಾವ್ಕಾ ಸಿಗುವಂತೆ ಮಾಡಿದಳೋ, ಆ ಲೆಕ್ಕ ನಮಗೆ ಬೇಡ. ಮೊದಲ ಸಂಜೆ ಇಬ್ಬರೂ ಉಪ್ಪು ಕೊಡಿ, ನೀರು ಕೊಡಿ ಎಂದಷ್ಟೇ ಮಾತಾಡಿದರು. ಎರಡನೇ ಸಂಜೆ ಅವನು ಹಡಗಿನ ಕ್ಯಾಪ್ಟನ್ ತಿರುವು ತೆಗೆದುಕೊಂಡ ರೀತಿಯಲ್ಲಿ ತಪ್ಪು ಹುಡುಕಿದ, ಅವಳು ಅವನ ಟೈ ಗಂಟಿನಲ್ಲಿ ಹುಡುಕಿದಳು. ಮೊದಲ ಬಂದರು ನೂಮಿಯಾದಲ್ಲಿ ಇಳಿದಾಗ ಅವಳ ನೀರಿನ ಬಾಟಲಿ ಅವನ ಚೀಲ ಸೇರಿತ್ತು.

ಲಿಫೂ ದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ, ಸಣ್ಣ ದೋಣಿಯಲ್ಲಿ ಹೋಗಬೇಕು. ದೋಣಿಯಿಂದ ಇಳಿಯುವಾಗ ದಾರ್ಕೊ ಎಲ್ಲ ಮುದುಕಿಯರಿಗೂ ಕೈ ಕೊಟ್ಟು ಇಳಿಸಿದ. ಕೊನೆಯಲ್ಲಿ ಬ್ರಾನ್ವಿನ್‌ಳ ಕೈ ಹಿಡಿದ. ಹಿಡಿದ ಕೈಯನ್ನು ದಡ ಸೇರಿದ ಮೇಲೂ ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ...

ಈಜಿ ಬಂದು ಕಟ್ಟೆಯ ಮೇಲೆ ಕೂತಾಗ ಬ್ರಾನ್ವಿನ್ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟಳು. ಅವಳ ಒಡತಿ ಪರ್ತ್‌ನಲ್ಲಿ ಹೊಸ ಅಂಗಡಿ ತೆರೆಯುತ್ತಿದ್ದಳು. ಅದನ್ನು ನಡೆಸಲು ಬ್ರಾನ್ವಿನ್ ಹೋಗಬೇಕು, ದೇಶದ ಇನ್ನೊಂದು ತುದಿಗೆ. ಹಡಗು ಸಿಡ್ನಿಗೆ ಮರಳಿದ ದಿನ ಉತ್ತರ ಹೇಳುತ್ತೇನೆಂದು ಬಂದಿದ್ದಳು.

ದಾರ್ಕೊ ಟವೆಲ್ ಎತ್ತಿಕೊಂಡ. ಆಮೇಲೆ ಒದ್ದೆ ಕೂದಲು ಒರೆಸಿಕೊಳ್ಳುತ್ತ ಹೇಳಿದ:

"ನಾಳಿದ್ದು ಸೂಟು ಹಾಕ್ಕೊಂಡು ಬರೋ ದೊಡ್ಡ ಊಟ ಇದೆಯಲ್ಲ... ಅವತ್ತು ನಿಂಗೊಂದು ಮಾತು ಹೇಳ್ಬೇಕು. ಅಲ್ಲೀವರೆಗೂ ಯಾರಿಗೂ ಹೂಂ ಅನ್ಬೇಡ."

'ನೀವು' ಹೋಗಿ 'ನೀನು' ಬಂದದ್ದನ್ನು ಇಬ್ಬರೂ ಗಮನಿಸಿದರು.

ಬ್ರಾನ್ವಿನ್‌ಳ ಮದುವೆ ಒಮ್ಮೆ ಮುರಿದಿತ್ತು. ಆ ಮನುಷ್ಯ ಕುಡುಕನಲ್ಲ, ಕೆಟ್ಟವನೂ ಅಲ್ಲ. ಬರುತ್ತೇನೆಂದು ಹೇಳಿ ಬಾರದವನು, ಅಷ್ಟೇ. ಅವಳ ಹುಟ್ಟುಹಬ್ಬಕ್ಕೂ ಬರಲಿಲ್ಲ, ಅವಳಪ್ಪನ ಮಣ್ಣಿಗೂ ಬರಲಿಲ್ಲ. ಕಾದು ಕಾದು ಸಾಕಾಗಿ ಒಂದು ದಿನ ಅವಳೇ ಎದ್ದು ಬಂದಿದ್ದಳು. ಅಂದಿನಿಂದ ಯಾರಿಗೂ ಕುರ್ಚಿ ಕಾದಿರಿಸಿರಲಿಲ್ಲ.

ಆ ದೊಡ್ಡ ಊಟದ ರಾತ್ರಿ ಕಾದಿರಿಸಿದಳು. ಹಸಿರು ಗೌನು ತೊಟ್ಟು, ಪಕ್ಕದ ಕುರ್ಚಿಯ ಮೇಲೆ ತನ್ನ ಶಾಲು ಹಾಕಿ ಕೂತಳು.

ಮಧ್ಯಾಹ್ನದಿಂದಲೇ ಸಮುದ್ರ ಕೆರಳಿತ್ತು. ಲೋಟದ ನೀರು ಒಂದು ಕಡೆ ವಾಲಿ ಮತ್ತೆ ಇನ್ನೊಂದು ಕಡೆ ವಾಲುತ್ತಿತ್ತು. ಸೂಪು ಬಂತು, ಮೀನು ಬಂತು, ಕೇಕೂ ಬಂತು. ದಾರ್ಕೊ ಬರಲಿಲ್ಲ.

"ಅವನಿಗೇನೋ ಕೆಲಸ ಇದೆಯಂತೆ ಕಣಮ್ಮ," ಎಂದಳು ಸ್ಲಾವ್ಕಾ, ತಟ್ಟೆಯಿಂದ ಕಣ್ಣೆತ್ತದೆ.

ಹಡಗಿನ ಮೇಲೆ, ರಜೆಯಲ್ಲಿ ಇರುವವನಿಗೆ ಏನು ಕೆಲಸ?

ಬ್ರಾನ್ವಿನ್ ಕುರ್ಚಿಯಿಂದ ಎದ್ದಳು. ಶಾಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಬೌಲ್ಸ್ ಕ್ಲಬ್ಬಿನ ಮುದುಕ ಆಲ್ಫ್‌ನನ್ನು ಎಬ್ಬಿಸಿಕೊಂಡು ಹೋಗಿ, ವಾಲುವ ನೆಲದ ಮೇಲೆ ಮೂರು ಹಾಡಿಗೆ ಕುಣಿದಳು. ನೋಡಿದವರು ಎಷ್ಟು ಖುಷಿಯಾಗಿದ್ದಾಳೆ ಎಂದುಕೊಂಡರು. ಎದೆಯೊಳಗೆ ಮಾತ್ರ ಹಳೆಯ ಗಾಯವೊಂದು ಮತ್ತೆ ಬಾಯಿಬಿಟ್ಟಿತ್ತು... 'ಇವನೂ ಬಾರದವನೇ!'

ಮಾರನೇ ದಿನವೂ ಅವನ ಸುಳಿವಿಲ್ಲ. ಹೋಗಿ ಬಾಗಿಲು ತಟ್ಟಬಹುದಿತ್ತು. ಆದರೆ ಬಾಗಿಲು ತಟ್ಟುವ ಕೆಲಸವನ್ನು ಅವಳು ಮದುವೆಯ ಜೊತೆಗೇ ಬಿಟ್ಟಿದ್ದಳು. ಸಂಜೆ ಕ್ಯಾಬಿನ್‌ಗೆ ಬಂದು ಒಡತಿಗೆ ಒಂದೇ ಸಾಲು ಬರೆದಳು: ಪರ್ತ್‌ಗೆ ನಾನು ತಯಾರು. ಫೋನು ಇನ್ನೂ ಫ್ಲೈಟ್ ಮೋಡ್‌ನಲ್ಲಿತ್ತು. ದಡದಲ್ಲಿ ಅದನ್ನು ತೆಗೆದ ಕ್ಷಣವೇ ಮಾತು ಹೊರಟುಹೋಗುತ್ತದೆ, ಅಲ್ಲಿಗೆ ಮುಗಿಯಿತು.

ಆಮೇಲೆ ಪೆಟ್ಟಿಗೆ ತುಂಬಿದಳು. ಹಸಿರು ಗೌನನ್ನು ಮುದ್ದೆ ಮಾಡಿ ತುರುಕಿದಳು. ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿ, ಮೇಲೆ ಕೂತು ಜಿಪ್ ಎಳೆದು, ಬಾಗಿಲ ಹೊರಗಿಟ್ಟು ಮಲಗಿದಳು.

ಬೆಳಗಾದಾಗ ಹಡಗು ಸಿಡ್ನಿಯಲ್ಲಿ ನಿಂತಿತ್ತು. ಬ್ರಾನ್ವಿನ್ ಮುಖ ತೊಳೆದು ಬೀರು ತೆರೆದಳು.

ಬೀರುವಿನಲ್ಲಿ ಬರೀ ಹ್ಯಾಂಗರುಗಳಿದ್ದವು.

ತನ್ನನ್ನೇ ಕೆಳಗಿನವರೆಗೂ ನೋಡಿಕೊಂಡಳು. ಮೈಮೇಲೆ ಹಳದಿ ಬಾತುಕೋಳಿಗಳ ಪೈಜಾಮ, ಕಾಲಲ್ಲಿ ಬಟ್ಟೆಯ ಚಪ್ಪಲಿ. ಉಳಿದದ್ದೆಲ್ಲ ಆಗಲೇ ದಡ ಸೇರಿತ್ತು!

ಮಂಚದ ಮೇಲೆ ಕೂತು ನಗಲು ಶುರುಮಾಡಿದಳು. ನಗು ಅರ್ಧದಲ್ಲಿ ಅಳುವಾಯಿತು. ಎರಡು ನಿಮಿಷ ಚೆನ್ನಾಗಿ ಅತ್ತಳು. ಆಮೇಲೆ ಎದ್ದು, ಕೂದಲು ಎತ್ತಿ ಕಟ್ಟಿ, ಕೈಚೀಲ ಹೆಗಲಿಗೇರಿಸಿ ಹೊರಟಳು. ಹನ್ನೆರಡು ಜನರನ್ನು ಇಳಿಸುವ ಜವಾಬ್ದಾರಿ ಅವಳದು. ಅದಕ್ಕೆ ಪೈಜಾಮವೇನೂ ಅಡ್ಡಿಯಲ್ಲ.

ಗುಂಪು ಕಾಯುತ್ತಿದ್ದ ಕೋಣೆಗೆ ಅವಳು ತಲೆಯೆತ್ತಿ ನಡೆದು ಬಂದಾಗ ಎಲ್ಲರ ಮಾತೂ ನಿಂತಿತು.

"ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ," ಎಂದ ಆಲ್ಫ್ ಗಂಭೀರವಾಗಿ.

ಕೋಣೆ ನಗುವಿನಲ್ಲಿ ಮುಳುಗಿತು. ಬ್ರಾನ್ವಿನ್ ಕೂಡ ನಕ್ಕು, ಟವೆಲ್ ಸಾಹೇಬರ ಕಥೆ ಇನ್ನು ಹಳತಾಯಿತು ಎಂದಳು. ನಗದೆ ಉಳಿದವಳು ಸ್ಲಾವ್ಕಾ ಒಬ್ಬಳೇ. ಅವಳು ಬಾತುಕೋಳಿಗಳನ್ನು ನೋಡಿದಳು, ಬ್ರಾನ್ವಿನ್‌ಳ ಕೆಂಪಾದ ಕಣ್ಣುಗಳನ್ನು ನೋಡಿದಳು. ಆಮೇಲೆ ಅವಳ ತೋಳು ಹಿಡಿದು ಮೂಲೆಗೆ ಎಳೆದೊಯ್ದಳು.

"ನನ್ನ ಬಾಯಿಗೆ ಬೀಗ ಹಾಕಿದ್ದ ಕಣೇ ಅವನು. ಇನ್ನು ತಡ್ಕೊಳೋಕಾಗಲ್ಲ. ಅವನಿಗೆ ಕೆಲಸಾನೂ ಇಲ್ಲ, ಬೊಗಸೇನೂ ಇಲ್ಲ. ಎರಡು ದಿನದಿಂದ ಬಕೆಟ್ ತಬ್ಕೊಂಡು ಮಲಗಿದಾನೆ."

ಬ್ರಾನ್ವಿನ್‌ಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ದಾರ್ಕೊಗೆ... ಹೊಟ್ಟೆ ತೊಳಸ್ತಾ?"

"ಟಗ್ ಬೋಟು ಬಂದರೊಳಗೆ ಕುಣಿಯುತ್ತೆ, ಅದು ಅವನಿಗೆ ಅಭ್ಯಾಸ. ಈ ಹಡಗು ಕಿಟಕಿ ಇಲ್ಲದ ಗೂಡಲ್ಲಿ ತೊಟ್ಟಿಲ ಥರ ತೂಗ್ತು. ನಿನಗೆ ಗೊತ್ತಾದ್ರೆ ಮುಖ ತೋರ್ಸೋಕಾಗಲ್ಲ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡ. ಗಂಡಸ್ರ ಜಂಬ, ಏನ್ ಹೇಳ್ಲಿ."

ಅಷ್ಟರಲ್ಲಿ ಬಾಗಿಲಲ್ಲಿ ದಾರ್ಕೊ ಕಾಣಿಸಿಕೊಂಡ. ಮುಖ ಸುಣ್ಣದಂತೆ ಬಿಳಿಚಿತ್ತು, ಗಡ್ಡ ಬೆಳೆದಿತ್ತು. ಹಿಂದಿನ ರಾತ್ರಿ ಪೆಟ್ಟಿಗೆಯನ್ನು ಬಾಗಿಲ ಹೊರಗಿಡಲು ಎದ್ದೇಳಲೂ ಆಗದವನು ಚೀಲವನ್ನು ಹೆಗಲಿಗೇರಿಸಿಕೊಂಡೇ ಬಂದಿದ್ದ. ಇನ್ನೊಂದು ಕೈಯಲ್ಲಿ ಒಂದು ಹಸಿರು ಸೇಬಿತ್ತು.

ಅವಳ ಎದುರು ಬಂದು ನಿಂತ. ಬಾತುಕೋಳಿಗಳನ್ನು ನೋಡಿದ. ಅವನು ಪಾಪ, ನಗಲಿಲ್ಲ. ಚೀಲ ಬಿಚ್ಚಿ ತನ್ನ ಟಗ್ ಬೋಟಿನ ನೀಲಿ ಉಣ್ಣೆಯ ಸ್ವೆಟರ್ ತೆಗೆದು ಅವಳಿಗೆ ಕೊಟ್ಟ.

ಬ್ರಾನ್ವಿನ್ ಅದನ್ನು ಕೈಯಲ್ಲೇ ಹಿಡಿದು ನಿಂತಳು. "ಒಂದು ಮಾತು ಹೇಳಿ ಕಳಿಸ್ಬಹುದಿತ್ತು."

"ಬಕೆಟ್ ಹಿಡ್ಕೊಂಡು ಅಂಥಾ ಮಾತು ಹೇಗಾಡೋದು ಬ್ರಾನ್? ಸೂಟು ಹಾಕ್ಕೊಂಡು, ನೆಟ್ಟಗೆ ನಿಂತು ಹೇಳ್ಬೇಕು ಅಂತಿದ್ದೆ."

"ನಾನು ಕುರ್ಚಿ ಮೇಲೆ ಶಾಲು ಹಾಕಿ ಕಾದೆ, ದಾರ್ಕೊ." ಅವಳ ಕಣ್ಣು ಕದಲಲಿಲ್ಲ. "ಚೆನ್ನಾಗಿ ಕಾಣೋನು ನನಗೆ ಬೇಡ. ಬರೋನು ಬೇಕು. ಬಕೆಟ್ ಹಿಡ್ಕೊಂಡಾದ್ರೂ ಸರಿ, ಬರ್ತೀನಿ ಅಂದೋನು ಬರ್ಬೇಕು. ಅದಾಗಲ್ಲ ಅಂದ್ರೆ ಈಗ್ಲೇ ಹೇಳಿಬಿಡು."

ಅವನು ತಲೆ ತಗ್ಗಿಸಿದ. ಜಂಬದ ಕೋಳಿಯ ಜುಟ್ಟು ಅವತ್ತು ಪೂರ್ತಿ ಬಾಗಿತ್ತು.

"ಬರ್ತೀನಿ," ಎಂದ ಮೆಲ್ಲಗೆ. "ಇನ್ಮೇಲೆ ಹೇಗಿದ್ರೂ ಬರ್ತೀನಿ. ಪರ್ತ್‌ಗೆ ಹೋದ್ರೆ ಅಲ್ಲಿಗೂ ಬರ್ತೀನಿ, ಅಲ್ಲೂ ಬಂದರಿದೆ. ಆದ್ರೆ ನನ್ನಿಷ್ಟ ಕೇಳಿದ್ರೆ... ನನ್ನ ಜೊತೆ ಇರು ಬ್ರಾನ್. ನೀನಂದ್ರೆ ನಂಗೆ ಪ್ರಾಣ. ಅವತ್ತು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದೆಯಲ್ಲ, ಅವತ್ತಿಂದ."

ಬ್ರಾನ್ವಿನ್ ಸ್ವೆಟರನ್ನು ತಲೆಯ ಮೇಲಿಂದ ಎಳೆದುಕೊಂಡಳು. ತೋಳು ಬೆರಳ ತುದಿ ದಾಟಿ ಇಳಿಯಿತು. ಡೀಸೆಲ್ಲಿನ, ಉಪ್ಪುನೀರಿನ ವಾಸನೆ ಬಂತು. ಹೊರಗೆ ಸಿಡ್ನಿಯ ದಡ, ಅದರಾಚೆ ಅವಳ ನ್ಯೂಕ್ಯಾಸಲ್, ಹ್ಯಾಮಿಲ್ಟನ್ ಬೀದಿಯ ದಾರಿ ಎಲ್ಲ ಕಾಯುತ್ತಿದ್ದವು. ಆ ಊರು ಬಿಟ್ಟು ಹೋಗಲು ತನಗೆ ಎಂದೂ ಮನಸ್ಸಿರಲಿಲ್ಲ, ಇರಲು ಕಾರಣವೊಂದು ಬೇಕಿತ್ತು ಎಂಬುದು ಅವಳಿಗೆ ಆಗ ಸ್ಪಷ್ಟವಾಯಿತು.

ಫೋನು ತೆಗೆದು, ಕಳಿಸಲು ಕಾದಿದ್ದ ಆ ಒಂದು ಸಾಲನ್ನು ಅವನೆದುರೇ ಅಳಿಸಿದಳು. ಆಮೇಲೆ ಫ್ಲೈಟ್ ಮೋಡ್ ತೆಗೆದಳು.

ಅವರ ಗುಂಪು ಇಳಿಯಬಹುದೆಂದು ಧ್ವನಿವರ್ಧಕ ಕರೆಯಿತು. ಸ್ಲಾವ್ಕಾ ಕಣ್ಣೊರೆಸಿಕೊಳ್ಳುತ್ತ ಎಲ್ಲರನ್ನೂ ಬಾಗಿಲ ಕಡೆಗೆ ತಳ್ಳಿಕೊಂಡು ಹೋದಳು. ದಾರ್ಕೊ ಸೇಬನ್ನು ಚೀಲಕ್ಕೆ ಹಾಕಹೋದ. ಬ್ರಾನ್ವಿನ್ ಅವನ ಮಣಿಕಟ್ಟು ಹಿಡಿದಳು.

"ಹಣ್ಣು ಹಡಗಿಂದ ಕೆಳಗೆ ಇಳಿಸೋ ಹಾಗಿಲ್ಲ. ಅವತ್ತು ಹೇಳಿದ್ನಲ್ಲ, ಕಿವಿ ಎಲ್ಲಿತ್ತು?"

"ನಿನ್ನ ಕಡೆನೇ ಇತ್ತು. ಕೇಳಿಸ್ಕೊಳ್ತಿದ್ದದ್ದು ಮಾತಲ್ಲ, ದನಿ."

"ಹಾಗಾದ್ರೆ ಇಲ್ಲೇ ತಿಂದು ಮುಗಿಸು. ಅರ್ಧ ನನಗೆ."

ಅವನು ಕಚ್ಚಿ ಅವಳಿಗೆ ಕೊಟ್ಟ. ಹುಳಿಗೆ ಇಬ್ಬರ ಮುಖವೂ ಕಿವುಚಿತು, ಇಬ್ಬರೂ ಒಟ್ಟಿಗೇ ನಕ್ಕರು. ಅವನ ಕೆನ್ನೆಗೆ ಸ್ವಲ್ಪ ಬಣ್ಣ ಮರಳಿತು.

"ಮುಂದಿನ ಸಲ ಕ್ಯಾಬಿನ್ ಎಲ್ಲಿ ಹಿಡೀಬೇಕು, ಈಗ್ಲಾದ್ರೂ ಗೊತ್ತಾಯ್ತಾ?" ಎಂದಳು ಬ್ರಾನ್ವಿನ್.

"ಮಧ್ಯದಲ್ಲಿ. ಕೆಳಗಿನ ಅಂತಸ್ತಲ್ಲಿ," ಎಂದು ದಾರ್ಕೊ ಪಾಠ ಒಪ್ಪಿಸಿದ. ಆಮೇಲೆ ಉದ್ದ ತೋಳಿನೊಳಗೆ ಅಡಗಿದ್ದ ಅವಳ ಕೈಯನ್ನು ಹುಡುಕಿ ಹಿಡಿದುಕೊಂಡ.

"ಇಬ್ಬರಿಗೂ ಸೇರಿ ಒಂದೇ."