ಕೆನ್ನೆಯ ಮೇಲಿನ ನೆರಳು

ದರ್ಜಿಯಮ್ಮ ಆ ಬೆಳಿಗ್ಗೆ ಮಹಡಿ ಹತ್ತಿದ್ದು ಜಗಳ ಆಡಲಿಕ್ಕೆ. ಮೇಲಿನ ಚಿತ್ರಶಾಲೆಯ ಎ.ಸಿ. ರಾತ್ರಿಯೆಲ್ಲ ಓಡಿತ್ತು. ಅದರ ನೀರು ತೊಟ್ಟಿಕ್ಕಿ ಅವಳ ಅಂಗಡಿಯ ಮುಂದೆ ಒಣಗಲು ಹಾಕಿದ್ದ ಲೈನಿಂಗ್ ಬಟ್ಟೆ ತೊಪ್ಪೆಯಾಗಿತ್ತು. ನಾಲ್ಕು ಮಾತು ಬಿಗಿಯಾಗಿ ಆಡಿಯೇ ಬರುತ್ತೇನೆಂದು ಹೊರಟವಳು ಬಾಗಿಲು ದೂಡಿದಳು. ಬಾಗಿಲು ತೆರೆದೇ ಇತ್ತು.

ಎದುರಿಗೇ ಸ್ಟ್ಯಾಂಡಿನ ಮೇಲೆ ಒಬ್ಬ ಹೆಂಗಸಿನ ಭಾವಚಿತ್ರ. ಬಣ್ಣ ಹಾಕಿ ಮುಗಿಸಿದ್ದು. ಕೋಣೆಯ ತುಂಬ ಸ್ಪಿರಿಟ್ಟಿನ ವಾಸನೆ.

"ಮೇಷ್ಟ್ರೇ, ನಿಮ್ಮ ಎ.ಸಿ. ನನ್ನ ಹೊಟ್ಟೆ ಮೇಲೆ ಹೊಡೀತಿದೆ!"

ಅವಳು ಮರದ ಪರದೆಯ ಹಿಂದೆ ಇಣುಕಿದಳು. ಮೇಷ್ಟ್ರು ಮೇಜಿನ ಕಾಲಿನ ಪಕ್ಕ ಬೋರಲಾಗಿ ಬಿದ್ದಿದ್ದರು. ತಲೆಯ ಹಿಂಭಾಗದಲ್ಲಿ ಒಣಗಿದ ರಕ್ತ. ದರ್ಜಿಯಮ್ಮ ಮೆಟ್ಟಿಲಿಳಿದು ಓಡಿದಳು.

* * *

ಇನ್‌ಸ್ಪೆಕ್ಟರ್ ಬಂದವಳೇ ಮೊದಲು ಎ.ಸಿ. ಆರಿಸಿದಳು. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಠಾಣೆಯಲ್ಲಿ ಅವಳ ಮೌನಕ್ಕೇ ಜನ ಹೆಚ್ಚು ಹೆದರುತ್ತಿದ್ದರು. ಅವಳ ಜೊತೆಗಿದ್ದ ದಫೇದಾರನದು ತದ್ವಿರುದ್ಧ. ಅವನ ಬಾಯಿಗೆ ಬೀಗವೇ ಇರಲಿಲ್ಲ.

"ಕಬ್ಬಿಣದ ಗುಂಡು, ಮೇಡಂ. ಹಾಳೆ ಹಾರದ ಹಾಗೆ ಇಡೋದು. ಅದರಿಂದಲೇ ಹೊಡೆದಿದ್ದಾರೆ. ಒರೆಸಿ ವಾಪಸ್ ಇಟ್ಟಿದ್ದಾರೆ, ಅಚ್ಚುಕಟ್ಟು ಜನ."

ಡಾಕ್ಟರು ಕೈಗವಸು ಕಳಚುತ್ತ ಎದ್ದರು. "ನಿನ್ನೆ ಹಗಲಲ್ಲಿ ಯಾವಾಗಲೋ. ಈ ಚಳಿಯಲ್ಲಿ ಗಂಟೆ ಹೇಳಿ ಅಂದ್ರೆ ನಾನು ಸುಳ್ಳು ಹೇಳಬೇಕಾಗುತ್ತೆ."

ಇನ್‌ಸ್ಪೆಕ್ಟರ್ ಭಾವಚಿತ್ರದ ಮುಂದೆ ನಿಂತಳು. ಪೆನ್ಸಿಲ್ಲಿನಲ್ಲಿ ಬರೆದು ಆಲ್ಕೋಹಾಲ್ ಮಾರ್ಕರಿನಲ್ಲಿ ಬಣ್ಣ ತುಂಬಿದ ಮುಖ. ಮೂವತ್ತರ ಆಸುಪಾಸಿನವಳು. ಕೂದಲಿನ ಹೊಳಪು, ಮೂಗಿನ ತುದಿಯ ಬೆಳಕು, ಎಲ್ಲ ಜೀವಂತ. ಹಿಂದಿನ ಗೋಡೆಯಲ್ಲಿ ಅದೇ ಮುಖದ ಹಳೆಯ ಚಿತ್ರವೊಂದು ಚೌಕಟ್ಟಿನೊಳಗಿತ್ತು. ಅದರಲ್ಲಿ ಅವಳಿನ್ನೂ ಹುಡುಗಿ, ಮೊಟ್ಟೆಯಷ್ಟು ನುಣುಪು ಕೆನ್ನೆ. ಹೊಸ ಚಿತ್ರದಲ್ಲಿ ಮಾತ್ರ ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ಹೇಳಲು ಅವಳಿಗೆ ಆಗಲಿಲ್ಲ. ಚಿತ್ರಕಲೆ ಅವಳಿಗೆ ಶಾಲೆಯಲ್ಲೂ ಕೈಹತ್ತಿದ ವಿಷಯವಲ್ಲ.

"ಇದು ಯಾರು?"

"ಅವರ ಮಗಳು," ಎಂದಿತು ಬಾಗಿಲ ಬಳಿಯ ದನಿ.

ಮೇಷ್ಟ್ರ ಜೊತೆ ಕೆಲಸ ಮಾಡುತ್ತಿದ್ದವನು. ಎಲ್ಲರೂ ಅವನನ್ನು 'ಬಲಗೈ' ಎಂದೇ ಕರೆಯುತ್ತಿದ್ದರು. ಮೇಷ್ಟ್ರ ಬಲಗೈ ಆಗಿ ಆಗಿ ಅವನ ಸ್ವಂತ ಹೆಸರು ಊರಿಗೇ ಮರೆತಿತ್ತು. ನಲವತ್ತು ದಾಟಿದ ಮನುಷ್ಯ. ಅತ್ತು ಅತ್ತು ಕಣ್ಣುಗಳು ಕೆಂಪಾಗಿದ್ದವು.

* * *

"ಮಗಳನ್ನ ನಾನು ನೋಡಿಲ್ಲ, ಮೇಡಂ," ಎಂದ ಬಲಗೈ. "ನಾನು ಇಲ್ಲಿಗೆ ಸೇರೋ ಮುಂಚೆಯೇ ಮನೆ ಬಿಟ್ಟಿದ್ದಳು. ಗೋಡೆ ಮೇಲಿನ ಚಿತ್ರ ಇದೆಯಲ್ಲ, ಅಷ್ಟೇ ಗೊತ್ತು."

"ಈ ಹೊಸ ಚಿತ್ರ?"

"ಅದಕ್ಕೆ ನನ್ನ ಕೈ ತಾಗೋ ಹಾಗೇ ಇರಲಿಲ್ಲ. ಬೇರೆ ಆರ್ಡರ್‌ಗಳಿಗೆಲ್ಲ ನಾನೇ ಬಣ್ಣ. ಇದನ್ನ ಮಾತ್ರ 'ನೀನು ಮುಟ್ಟಬೇಡ' ಅಂದಿದ್ದರು. ಮುಟ್ಟಿಲ್ಲ."

"ನಿನ್ನೆ ಏನಾಯ್ತು?"

"ಬೆಳಿಗ್ಗೆ ಒಬ್ಬ ಗಿರಾಕಿ ಬಂದು ಗಲಾಟೆ ಮಾಡಿದ. ಅವನನ್ನ ಸಮಾಧಾನ ಮಾಡಿ ಕಳಿಸಿ ನಾನು ಚಿತ್ರ ಪ್ರದರ್ಶನದ ಹಾಲ್‌ಗೆ ಹೋದೆ, ಅಲ್ಲಿ ಜನರ ಎದುರಿಗೇ ಬಣ್ಣ ಹಾಕೋ ಕೆಲಸ. ಮಧ್ಯಾಹ್ನದಿಂದ ರಾತ್ರಿವರೆಗೂ ಅಲ್ಲೇ, ನೂರು ಜನ ನೋಡಿದ್ದಾರೆ. ನಾನು ಹೊರಟಾಗ ಮೇಷ್ಟ್ರು ಮಾರ್ಕರ್ ಮುಚ್ಚಳ ಕೂಡ ತೆಗೆದಿರಲಿಲ್ಲ. ಒಂದು ಮುಖಕ್ಕೆ ಅವರಿಗೆ ಅರ್ಧ ದಿನ ಬೇಕು. ಅಂದ್ರೆ ಸಂಜೆವರೆಗೂ ಬದುಕಿದ್ದರು ಅಂತ ಆಯ್ತಲ್ಲ."

ಲೆಕ್ಕ ಸರಿಯಾಗಿತ್ತು. ಕೇಳುವ ಮೊದಲೇ ಒಪ್ಪಿಸಿದ್ದ ಎಂಬುದೊಂದು ಬಿಟ್ಟರೆ.

"ಯಾಕೆ ಅಷ್ಟು ಹೊತ್ತು?"

ಕೆಲಸದ ಮಾತು ಬಂದದ್ದೇ ಬಲಗೈಯ ದನಿಗೆ ಜೀವ ಬಂತು. ಟ್ರೇಯಿಂದ ಒಂದು ಮಾರ್ಕರ್ ಎತ್ತಿಕೊಂಡ. "ಇದು ಕಾಗದದ ಮೇಲೆ ಕೂರೋ ಬಣ್ಣ ಅಲ್ಲ, ಒಳಕ್ಕೆ ಇಳಿಯೋದು. ತಿಳಿ ಬಣ್ಣ ಮೊದಲು, ಒಣಗೋ ಮುಂಚೆ ಅದರ ಪಕ್ಕ ಗಾಢ ಬಣ್ಣ. ಆಗ ಎರಡೂ ಬೆರೆಯುತ್ತವೆ. ಇದರಲ್ಲಿ ಬಿಳಿ ಅನ್ನೋದೇ ಇಲ್ಲ, ಮೇಡಂ. ಬಿಳಿ ಬೇಕಿದ್ದ ಕಡೆ ಹಾಳೆಯನ್ನ ಖಾಲಿ ಬಿಡಬೇಕು. ಒಮ್ಮೆ ಬಣ್ಣ ತಾಗಿತೋ, ಮುಗೀತು, ಆ ಬಿಳಿ ವಾಪಸ್ ಬರಲ್ಲ. ಅದಕ್ಕೇ ಮೊದಲೇ ಪೆನ್ಸಿಲ್ಲಲ್ಲಿ ಗೆರೆ ಹಾಕಿಕೊಳ್ಳೋದು. ಎಲ್ಲಿ ಬೆಳಕು, ಎಲ್ಲಿ ನೆರಳು ಅಂತ."

ಅವನು ಅಷ್ಟು ಪ್ರೀತಿಯಿಂದ ಹೇಳಿದ. ಇನ್‌ಸ್ಪೆಕ್ಟರಿಗೆ ಪಾಪ ಅನ್ನಿಸಿತು.

* * *

ಗಲಾಟೆಯ ಗಿರಾಕಿ ಪಾತ್ರೆ ಅಂಗಡಿಯವನು. ಪೊಲೀಸರನ್ನು ಕಂಡದ್ದೇ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದ.

"ತೀರಿಹೋದ ನಮ್ಮಮ್ಮನನ್ನ ಕಪ್ಪಗೆ ಬರೆದಿದ್ದರು, ಮೇಡಂ! ಕೂಗಾಡಿದೆ, ನಿಜ. ಕೈ ಎತ್ತಿಲ್ಲ."

"ಮೇಷ್ಟ್ರು ಏನಂದರು?"

"'ನಿಮ್ಮಮ್ಮ ಇದ್ದಿದ್ದೇ ಹಾಗೆ, ನಾನ್ಯಾಕೆ ಸುಳ್ಳು ಬರೀಲಿ' ಅಂದರು. ಹೊಟ್ಟೆ ಉರೀತು."

"ಮೇಜಿನ ಮೇಲೆ ಬೇರೆ ಚಿತ್ರ ಇತ್ತಾ?"

"ಒಂದು ಹೆಂಗಸಿನ ಮುಖ. ಬರೀ ಪೆನ್ಸಿಲ್. ಒಂದು ಹನಿ ಬಣ್ಣ ಇರಲಿಲ್ಲ. ಆ ಬಲಗೈ ನನ್ನನ್ನ ಮೆಟ್ಟಿಲವರೆಗೂ ಬಿಟ್ಟು ಒಳಗೆ ಹೋದ."

ಅಲ್ಲಿಗೆ ಪಾತ್ರೆ ಅಂಗಡಿಯವನು ಪಾರಾದ. ಅವನು ಹೊರಟ ಮೇಲೆ ಅರ್ಧ ದಿನ ಕೂತು ಮೇಷ್ಟ್ರು ಬಣ್ಣ ಹಾಕಿದ್ದರೆ ಕೊಂದವನು ಅವನಾಗಲು ಸಾಧ್ಯವಿಲ್ಲ.

ದರ್ಜಿಯಮ್ಮ ಇನ್ನೊಂದು ವಿಷಯ ಹೇಳಿದಳು. ಹಿಂದಿನ ಸಂಜೆ ಒಬ್ಬಳು ಮಹಡಿ ಹತ್ತಿದ್ದಳು. ಹೋದ ಕಾಲಲ್ಲೇ ಇಳಿದು ಬಂದಳು. ಅಳುತ್ತಿದ್ದಳು.

"ಮುಖದ ಮೇಲೆ ತೊನ್ನಿತ್ತು," ಎಂದಳು ದರ್ಜಿಯಮ್ಮ, ದನಿ ತಗ್ಗಿಸಿ. ತಗ್ಗಿಸಿ ಹೇಳುವಂಥದ್ದೇನೂ ಅದರಲ್ಲಿರಲಿಲ್ಲ.

* * *

ಮಗಳು ಈಜುಕೊಳವೊಂದರಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಠಾಣೆಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಒಂದು ಕಣ್ಣಿನ ಸುತ್ತ, ಅದೇ ಕಡೆಯ ಕೆನ್ನೆಯ ಕೆಳಗೆ, ತುಟಿಯ ಅಂಚಿನಲ್ಲಿ ಚರ್ಮ ಬೆಳ್ಳಗಾಗಿತ್ತು. ಅದನ್ನು ಮುಚ್ಚುವ ಪ್ರಯತ್ನವನ್ನೇ ಅವಳು ಮಾಡಿರಲಿಲ್ಲ.

"ಅಪ್ಪ ಫೋನ್ ಮಾಡಿದ್ದರು," ಎಂದಳು. "ಎಷ್ಟೋ ವರ್ಷದ ಮೇಲೆ. 'ಒಂದು ಚಿತ್ರ ಬರೀತಿದ್ದೀನಿ, ಸಂಜೆ ಬಂದು ನೋಡು' ಅಂದರು. ಹೋದೆ. ಬಾಗಿಲಲ್ಲೇ ಚಿತ್ರ ಕಂಡಿತು. ನೋಡಿ ವಾಪಸ್ ಬಂದೆ."

"ಅಪ್ಪನನ್ನ ಮಾತಾಡಿಸಲಿಲ್ಲವಾ?"

"ಇಲ್ಲ."

"ಯಾಕೆ?"

ಅವಳು ಗೋಡೆ ನೋಡಿದಳು. "ಮುಖದ ಮೇಲೆ ಈ ಕಲೆ ಶುರುವಾದಾಗ ನಾನು ಕಾಲೇಜಲ್ಲಿದ್ದೆ. ಅಪ್ಪ ನನ್ನ ಚಿತ್ರ ಬರೆದರು, ಒಂದು ಕಲೆಯೂ ಇಲ್ಲದ ಹಾಗೆ. ಬಂದವರಿಗೆಲ್ಲ ಅದನ್ನೇ ತೋರಿಸೋರು. ನನ್ನನ್ನ ಒಳಗೆ ಕಳಿಸೋರು. 'ನಾನಿರೋ ಹಾಗೆ ಬರಿ, ಅಪ್ಪ' ಅಂತ ಬೇಡಿಕೊಂಡೆ. 'ಚೆನ್ನಾಗಿ ಕಾಣಲಿ ಅಂತ ಮಗಳೇ' ಅಂದರು. ಅವತ್ತೇ ಮನೆ ಬಿಟ್ಟೆ. ತುಟಿ ಹತ್ತಿರದ ಕಲೆ ಬಂದದ್ದು ಅದಾದ ಮೇಲೆ. ಈಗ ಕರೆದಾಗ ಬದಲಾಗಿದ್ದಾರೆ ಅಂದುಕೊಂಡೆ. ಹೋಗಿ ನೋಡಿದರೆ ಮತ್ತೆ ಮುಚ್ಚಿಬಿಟ್ಟಿದ್ದರು."

"ಸಿಟ್ಟು ಬಂತಾ?"

"ಬಂತು. ಕೊಲ್ಲೋ ಅಷ್ಟು ಬಂತು. ಕೊಂದಿಲ್ಲ."

ಹೊರಗೆ ಬಂದ ಮೇಲೆ ದಫೇದಾರ ಕೈ ಉಜ್ಜಿದ. "ಬಾಯಲ್ಲೇ ಹೇಳಿದಳಲ್ಲ, ಮೇಡಂ. ಇನ್ನೇನು ಬೇಕು?"

ಮೇಲಧಿಕಾರಿಗಳದೂ ಅದೇ ಮಾತು. ನಾಳೆಯೊಳಗೆ ಬಂಧನ ಆಗಬೇಕು.

* * *

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಕೈಗವಸು ತೊಟ್ಟು ಭಾವಚಿತ್ರವನ್ನು ಕಿಟಕಿಯ ಬಳಿ ತಂದಳು. ಚಿತ್ರದಲ್ಲಿ ಬೆಳಕು ಒಂದು ಕಡೆಯಿಂದ ಬರುತ್ತಿತ್ತು. ಕೂದಲ ಹೊಳಪು ಆ ಕಡೆ, ಮೂಗಿನ ಹೊಳಪು ಆ ಕಡೆ. ಆದರೆ ಅದೇ ಕಡೆಯ ಕಣ್ಣಿನ ಸುತ್ತ ಗಾಢ ಕಂದು ನೆರಳು. ಕೆನ್ನೆಯ ಕೆಳಗೆ ನೆರಳು. ತುಟಿಯ ಅಂಚಿಗೂ ನೆರಳು.

ಬೆಳಕು ಬೀಳುವ ಕೆನ್ನೆಗೆ ನೆರಳು ಎಲ್ಲಿಂದ ಬಂತು?

ಅವಳು ಹಾಳೆಯನ್ನು ಗಾಜಿಗೆ ಒತ್ತಿ ಹಿಡಿದಳು. ಹಿಂದಿನಿಂದ ಬಿಸಿಲು ಹಾಯಿತು. ಬಣ್ಣದ ಅಡಿಯ ಪೆನ್ಸಿಲ್ ಗೆರೆಗಳು ಸ್ಪಷ್ಟವಾದವು. ಪ್ರತಿ ನೆರಳಿನ ಸುತ್ತ ಒಂದು ತೆಳು ಗೆರೆ, ಅಂಕುಡೊಂಕಾಗಿ, ತುಂಬ ಎಚ್ಚರದಿಂದ ಎಳೆದದ್ದು. ಆ ಆಕಾರಗಳನ್ನು ಅವಳು ನೋಡಿದ್ದಳು. ನಿನ್ನೆ, ಠಾಣೆಯ ಕುರ್ಚಿಯಲ್ಲಿ ಕೂತಿದ್ದ ಮುಖದ ಮೇಲೆ.

ಅವಳು ದಫೇದಾರನನ್ನು ಕರೆದಳು.

"ಬೆರಳಚ್ಚಿನವರು ಈ ಹಾಳೆ ಪರೀಕ್ಷೆ ಮಾಡಿದ್ದಾರಾ?"

"ಹಾಳೆಯನ್ನಾ? ಬಾಗಿಲು, ಮೇಜು, ಕಬ್ಬಿಣದ ಗುಂಡು..." ದಫೇದಾರ ತಲೆ ಕೆರೆದುಕೊಂಡ.

"ಈಗ ಮಾಡಿಸಿ. ಬಣ್ಣದ ಅಡಿಯ ಗೆರೆಗಳನ್ನಷ್ಟೇ ಒಂದು ಬಿಳಿ ಹಾಳೆಗೆ ಇಳಿಸಿಕೊಡೋಕೆ ಯಾರಿಗಾದರೂ ಹೇಳಿ. ನಾನು ಈಜುಕೊಳಕ್ಕೆ ಹೋಗಿ ಬರ್ತೀನಿ."

ತುಟಿಯಂಚಿನ ಕಲೆ ಮನೆ ಬಿಟ್ಟ ಮೇಲೆ ಬಂದದ್ದೆಂದು ಮಗಳೇ ಹೇಳಿದ್ದಳು. ಹಾಗಿದ್ದರೆ ಮೇಷ್ಟ್ರಿಗೆ ಅದು ಹೇಗೆ ತಿಳಿಯಿತು?

* * *

ಬಲಗೈಯನ್ನು ಠಾಣೆಗೆ ಕರೆಸಿದರು. ಇನ್‌ಸ್ಪೆಕ್ಟರ್ ಅವನ ಮುಂದೆ ಗೆರೆಗಳ ನಕಲು ಇಟ್ಟಳು.

"ನನಗೆ ಚಿತ್ರ ಓದೋಕೆ ಬರಲ್ಲ. ಈ ಗೆರೆಗಳು ಏನು, ಹೇಳಿ."

"ನೆರಳಿನ ಗಡಿ," ಎಂದ ಬಲಗೈ ತಡವರಿಸದೆ. "ಇದರ ಒಳಗೆ ಗಾಢ ಬಣ್ಣ."

"ಖಂಡಿತವಾ?"

"ಕಣ್ಣು ಮುಚ್ಚಿ ಹೇಳ್ತೀನಿ. ಬೇರೆ ಏನಿರುತ್ತೆ?"

ಇನ್‌ಸ್ಪೆಕ್ಟರ್ ಬಾಗಿಲ ಕಡೆ ನೋಡಿದಳು. ದಫೇದಾರ ಮಗಳನ್ನು ಒಳಗೆ ಕರೆತಂದ.

ಬಲಗೈ ಅವಳ ಮುಖ ನೋಡಿದ. ನಕಲು ನೋಡಿದ. ಮತ್ತೆ ಮುಖ ನೋಡಿದ.

"ಮೇಷ್ಟ್ರಿಗೆ ಕಲೆ ಮುಚ್ಚಬೇಕಿದ್ದರೆ ಈ ಗೆರೆಗಳನ್ನೇ ಹಾಕ್ತಿರಲಿಲ್ಲ," ಎಂದಳು ಇನ್‌ಸ್ಪೆಕ್ಟರ್. "ಗೋಡೆ ಮೇಲಿನ ಚಿತ್ರದ ಹಾಗೆ ನುಣುಪಾಗಿ ತುಂಬಿಬಿಡ್ತಿದ್ದರು. ಕಲೆ ತೋರಿಸಬೇಕಿದ್ದರೆ ಗೆರೆಯೊಳಗೆ ಹಾಳೆಯನ್ನ ಖಾಲಿ ಬಿಡ್ತಿದ್ದರು. ಬಿಳಿ ಬೇಕಿದ್ದ ಕಡೆ ಮೊದಲೇ ಬಿಡಬೇಕು ಅಂತ ಹೇಳಿಕೊಟ್ಟವರೇ ನೀವು. ಗೆರೆಯನ್ನೂ ಹಾಕಿ, ಒಳಗೆ ನೆರಳನ್ನೂ ತುಂಬೋದು ಅವರ ಕೆಲಸ ಅಲ್ಲ. ಬಣ್ಣ ಹಾಕೋದರಲ್ಲಿ ಪಳಗಿದ, ಈ ಮುಖ ಮಾತ್ರ ನೋಡಿರದ ಒಬ್ಬನ ಕೆಲಸ. ನಿಮಗೆ ಗೊತ್ತಿದ್ದದ್ದು ಗೋಡೆ ಮೇಲಿನ ಮುಖ. ಅದರಲ್ಲಿ ಕಲೆ ಇರಲಿಲ್ಲ."

"ನಾನು ಹಾಲ್‌ನಲ್ಲಿ..."

"ಮಧ್ಯಾಹ್ನದಿಂದ. ಗಿರಾಕಿ ಹೋದದ್ದು ಬೆಳಿಗ್ಗೆ. ನೀವು ಹಾಲ್‌ಗೆ ಹೊರಡೋ ಮೊದಲೇ ಮೇಷ್ಟ್ರು ಸತ್ತಿದ್ದರು. ಬಣ್ಣ ಇದ್ದರೆ ಸಂಜೆವರೆಗೂ ಬದುಕಿದ್ದರು ಅಂತ ಎಲ್ಲರೂ ಲೆಕ್ಕ ಹಾಕ್ತಾರೆ ಅಂತ ಕೂತು ಬಣ್ಣ ಹಾಕಿದಿರಿ. ಅವರಿಗೆ ಅರ್ಧ ದಿನದ ಕೆಲಸ. ನಿಮ್ಮ ಕೈ ಎಷ್ಟು ಚುರುಕು ಅಂತ ಪ್ರದರ್ಶನದಲ್ಲಿ ಜನ ಸುತ್ತ ನಿಂತು ನೋಡ್ತಾರಂತೆ. ಮುಗಿಸಿ ಚಿತ್ರವನ್ನ ಬಾಗಿಲಿಗೆ ಎದುರಾಗಿ ನಿಲ್ಲಿಸಿದಿರಿ, ಯಾರೇ ಬಂದರೂ ಮೊದಲು ಅದೇ ಕಾಣಲಿ ಅಂತ. ಸತ್ತ ಹೊತ್ತು ಡಾಕ್ಟರಿಗೂ ತಿಳಿಯಬಾರದು ಅಂತ ಎ.ಸಿ. ಜೋರು ಮಾಡಿ ಹೊರಟಿರಿ. 'ಮುಟ್ಟಿಲ್ಲ' ಅಂದಿರಲ್ಲ, ಆ ಹಾಳೆಯ ನಾಲ್ಕೂ ಅಂಚಲ್ಲಿ ನಿಮ್ಮ ಬೆರಳಚ್ಚು ಸಿಕ್ಕಿದೆ."

ಬಲಗೈ ನಕಲನ್ನು ಮೆಲ್ಲಗೆ ಆಚೆ ಸರಿಸಿದ.

"ಚಿತ್ರಶಾಲೆ ಬೋರ್ಡಲ್ಲಿ ನನ್ನ ಹೆಸರೂ ಹಾಕ್ತೀನಿ ಅಂದಿದ್ದರು ಮೇಷ್ಟ್ರು. ಅವತ್ತು ಕೇಳಿದೆ. 'ಇದೆಲ್ಲ ಇನ್ನು ಮಗಳದು, ಅವಳನ್ನ ಕೇಳು' ಅಂದರು. ಅವಳ ಚಿತ್ರಕ್ಕಾದರೂ ಬಣ್ಣ ಹಾಕ್ತೀನಿ ಅಂದೆ. 'ಇದು ನಿನ್ನ ಕೈಯಲ್ಲಿ ಆಗೋದಲ್ಲ' ಅಂದು ಬೆನ್ನು ತಿರುಗಿಸಿದರು." ಅವನು ತನ್ನ ಅಂಗೈ ನೋಡಿಕೊಂಡ. "ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಬಣ್ಣ ಹಾಕಿರಲಿಲ್ಲ, ಮೇಡಂ."

ದಫೇದಾರ ಬಲಗೈಯನ್ನು ಎಬ್ಬಿಸಿ ಕರೆದುಕೊಂಡು ಹೋದ.

* * *

ಮಗಳು ಕೂತಲ್ಲೇ ಕೂತಿದ್ದಳು.

"ನಾನು ಹೋದಾಗ ಅಪ್ಪ ಪರದೆಯ ಹಿಂದೇನೇ ಇದ್ದರು," ಎಂದಳು. "ನಾನು ಒಂದು ಸಲವೂ ಕರೆಯಲಿಲ್ಲ. ಬೈದುಕೊಂಡು ಇಳಿದು ಬಂದೆ."

"ಆಗಲೇ ಕೈಮೀರಿತ್ತು. ಕರೆದಿದ್ದರೂ ಓಗೊಡ್ತಿರಲಿಲ್ಲ."

"ಅದು ಗೊತ್ತು. ಆದರೂ."

ಇನ್‌ಸ್ಪೆಕ್ಟರಿಗೆ ಸಮಾಧಾನ ಹೇಳುವ ಅಭ್ಯಾಸ ಇರಲಿಲ್ಲ. ತಿಳಿದದ್ದನ್ನು ಹೇಳಿದಳು. "ನಿಮ್ಮ ಈಜುಕೊಳದ ಟಿಕೆಟ್ ಕೊಡೋ ಹೆಂಗಸನ್ನ ಮಾತಾಡಿಸಿದೆ. ಕೆಲವು ತಿಂಗಳಿಂದ ಒಬ್ಬರು ವಯಸ್ಸಾದವರು ಬಂದು ಗ್ಯಾಲರಿಯ ಹಿಂದಿನ ಸಾಲಲ್ಲಿ ಕೂರ್ತಿದ್ದರಂತೆ. ಸುಮ್ಮನೆ ನೋಡ್ತಾ. ಮೊಮ್ಮಗು ಕಲೀತಿದೆಯಾ, ಯಾವ ಮಗು ಅಂತ ಅವಳು ಕೇಳಿದಳಂತೆ."

"ಏನಂದರು?"

"'ಮೊಮ್ಮಗು ಅಲ್ಲ, ಕಲಿಸ್ತಿದ್ದಾಳಲ್ಲ, ಮುಖದ ಮೇಲೆ ಬಿಳಿ ಇರೋಳು, ಅವಳು ನನ್ನ ಮಗಳು' ಅಂದರಂತೆ. ಅವಳು ಕೇಳದಿದ್ದ ದಿನವೂ ಹೇಳ್ತಿದ್ದರಂತೆ."

ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಇನ್‌ಸ್ಪೆಕ್ಟರ್ ಎದ್ದು ಹೋಗಲಿಲ್ಲ. ಅಳು ನಿಂತ ಮೇಲೆ ಮಗಳು ಮೇಜಿನ ಮೇಲಿದ್ದ ಗೆರೆಗಳ ನಕಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಕಣ್ಣಿನ ಸುತ್ತಲಿನ ಗೆರೆಯ ಮೇಲೆ ನಿಧಾನವಾಗಿ ಬೆರಳಾಡಿಸಿದಳು.

"ಅಸಲು ಚಿತ್ರ ಕೋರ್ಟಿಗೆ ಹೋಗುತ್ತೆ," ಎಂದಳು ಇನ್‌ಸ್ಪೆಕ್ಟರ್. "ಇದರದೊಂದು ಪ್ರತಿ ಬೇಕಿದ್ದರೆ ಕೊಡಿಸ್ತೀನಿ. ಯಾರಾದರೂ ಒಳ್ಳೆಯವರ ಹತ್ತಿರ ಬಣ್ಣ ಹಾಕಿಸಿಕೊಳ್ಳಿ."

"ಕೊಡಿ. ನಾನೇ ಹಾಕ್ತೀನಿ."

"ಬರುತ್ತಾ ನಿಮಗೆ?"

"ಬರಲ್ಲ," ಎಂದಳು ಮಗಳು. "ಎಲ್ಲಿ ಖಾಲಿ ಬಿಡಬೇಕು ಅನ್ನೋದು ಗೊತ್ತಿದೆಯಲ್ಲ."