ಯಾರಿಗಾದರೂ ಹೊಳೆಯುವಂಥದ್ದು

"ಇದು ಯಾರಿಗಾದ್ರೂ ಹೊಳೆಯುವಂಥದ್ದೇ!"

ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಳು. ಪೇಟೆಂಟ್ ಕಚೇರಿಯ ಆ ಪುಟ್ಟ ಕೋಣೆಯಲ್ಲಿ ಎದುರಿಗೆ ಕುಳಿತಿದ್ದ ಯುವಕನ ಮುಖ ಕೆಂಪಾಯಿತು.

"ಹಾಗಾದ್ರೆ ಇಷ್ಟು ವರ್ಷ ಯಾರಿಗೂ ಯಾಕೆ ಹೊಳೀಲಿಲ್ಲ ಮೇಡಂ?"

ಅವಳು ತಲೆಯೆತ್ತಿದಳು. ಅವನ ಆ ಕಣ್ಣುಗಳು... ಅವಳು ಮತ್ತೆ ಫೈಲಿನತ್ತ ತಿರುಗಿದಳು.

ಅವಳು ಪೇಟೆಂಟ್ ಪರೀಕ್ಷಕಿ. ಹೊಸದೆಂದು ಬಂದ ಆವಿಷ್ಕಾರ ನಿಜಕ್ಕೂ ಹೊಸತೋ, ಆ ವಿದ್ಯೆ ಬಲ್ಲ ಯಾರಿಗಾದರೂ ಸಹಜವಾಗಿ ಹೊಳೆಯುವಂಥದ್ದೋ ಎಂದು ತೀರ್ಮಾನಿಸುವುದು ಅವಳ ಕೆಲಸ. ಅವನು ರಸಾಯನ ವಿಜ್ಞಾನಿ. ಎಣ್ಣೆ ಸೀಗೆಕಾಯಿಯಂತೆ ಒಂದಕ್ಕೊಂದು ಆಗಿಬರದ ಎರಡು ಪ್ಲಾಸ್ಟಿಕ್‌ಗಳನ್ನು ಬೆರೆಸಿ ತಂದಿದ್ದ.

"ಇವೆರಡನ್ನ ಕೂಡಿಸೋಕೆ ಮೂರನೇ ಪದಾರ್ಥ ಹಾಕೋದು ಹಳೇ ಸಂಗತಿ," ಎಂದಳು.

"ಹೌದು, ಎಲ್ಲರೂ ಧಾರಾಳವಾಗಿ ಹಾಕಿದ್ರು. ಕಮ್ಮಿ ಹಾಕಿದ್ರೆ ಒಡೆಯುತ್ತೆ ಅಂತ ಬರೆದಿಟ್ರು. ನಾನು ಚಿಟಿಕೆಯಷ್ಟೇ ಹಾಕ್ದೆ. ಒಡೀಲೇ ಇಲ್ಲ!" ಅವನು ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಮುಂದಿಟ್ಟ. "ಬಗ್ಗಿಸಿ ನೋಡಿ."

ಬಗ್ಗಿಸಿದಳು. ಬಿಟ್ಟ ಕೂಡಲೇ ಅದು ಮತ್ತೆ ನೆಟ್ಟಗಾಯಿತು.

ಮನೆಗೆ ಹೋದರೂ ತಲೆ ಗೊಂದಲದ ಗೂಡು. ಪ್ರಮಾಣ ಬದಲಿಸಿ ನೋಡುವುದು ಯಾರಾದರೂ ಮಾಡುವ ಕೆಲಸವೇ ಅಲ್ಲವೇ? ಆದರೆ ಬೇಡವೆಂದು ಎಲ್ಲರೂ ಹೇಳಿದ ದಾರಿ ಯಾರು ಹಿಡಿಯುತ್ತಾರೆ? ಬೆಳಿಗ್ಗೆ ತಿರಸ್ಕರಿಸಬೇಕು ಎನಿಸಿದ್ದು ಮಧ್ಯಾಹ್ನ ಪೇಟೆಂಟ್ ಕೊಡಬೇಕು ಎನಿಸುತ್ತಿತ್ತು.

'ನಾನು ಒಪ್ಪುತ್ತಿರುವುದು ಅವನ ವಾದವನ್ನೋ... ಅವನನ್ನೋ?'

ಫೈಲ್ ಮುಚ್ಚಿಟ್ಟಳು.

ಕೊನೆಗೆ ಮೇಲಧಿಕಾರಿಯ ಮುಂದೆ ನಿಂತಳು. "ಸರ್, ಈ ಫೈಲ್ ಬೇರೆಯವರಿಗೆ ಕೊಟ್ಬಿಡಿ."

"ಯಾಕಮ್ಮಾ?"

"ಅರ್ಜಿದಾರರ ವಿಷಯದಲ್ಲಿ... ನನ್ನ ಮನಸ್ಸು ನನ್ನ ಕೈಲಿಲ್ಲ ಸರ್."

ಅವರು ಕನ್ನಡಕದ ಮೇಲಿಂದ ನೋಡಿ, ಮತ್ತೇನೂ ಕೇಳದೆ ಫೈಲ್ ತೆಗೆದುಕೊಂಡರು.

ಸುದ್ದಿ ತಿಳಿದ ಅವನು ಮೆಟ್ಟಿಲ ಬಳಿ ಎದುರಾದ.

"ಆಗಲ್ಲ ಅಂತ ಮುಖಕ್ಕೇ ಹೇಳ್ಬಹುದಿತ್ತು. ಕೈ ತೊಳ್ಕೊಂಡ್ಬಿಟ್ರಾ? ನನ್ನಕ್ಕನ ಕೃತಕ ಪಾದ ಚಳಿಗೆ ಬಿರುಕು ಬಿಡುತ್ತೆ ಮೇಡಂ. ಅವಳಿಗೋಸ್ಕರ ಮಾಡಿದ್ದು ಇದು!"

ಕಾರಣ ಹೇಳಿಬಿಡಬೇಕು ಎನಿಸಿತು. ಆದರೆ ತೀರ್ಪು ಬರುವವರೆಗೆ ಏನೂ ಹೇಳುವಂತಿರಲಿಲ್ಲ. ಸುಮ್ಮನೆ ಇಳಿದು ಹೋದಳು. ಅವನು ಅದನ್ನು ಜಂಬವೆಂದೇ ತಿಳಿದ.

ತಿಂಗಳುಗಳು ಕಳೆದವು. ಹೊಸ ಪರೀಕ್ಷಕರು ಇಡೀ ಮಿಶ್ರಣದ ಮೇಲೆ ಹಕ್ಕಿಲ್ಲ ಎಂದರು. ಆ ಚಿಟಿಕೆ ಪ್ರಮಾಣಕ್ಕೆ ಮಾತ್ರ ಪೇಟೆಂಟ್ ಕೊಟ್ಟರು.

ಅಂದು ಸಂಜೆ ಕಚೇರಿಯ ಗೇಟಿನಲ್ಲಿ ಅವನು ಕಾಯುತ್ತಿದ್ದ.

"ಫೈಲ್ ಯಾಕೆ ಬಿಟ್ರಿ ಅಂತ ನಿಮ್ಮ ಸಾಹೇಬ್ರನ್ನ ಕೇಳ್ದೆ. ಅವಳನ್ನೇ ಕೇಳಪ್ಪಾ ಅಂತ ನಕ್ರು. ನಂಗೊಂದೂ ಅರ್ಥ ಆಗ್ತಿಲ್ಲ. ನೀವೇ ಇದ್ದಿದ್ರೆ ಏನಂತಿದ್ರಿ?"

"ಗೊತ್ತಿಲ್ಲ... ಇವತ್ತಿಗೂ ಗೊತ್ತಿಲ್ಲ!" ಅವಳು ನೇರವಾಗಿ ಅವನನ್ನೇ ನೋಡಿದಳು. "ನೀವು ಏನು ಹೇಳಿದ್ರೂ ಸರಿ ಅನ್ಸೋಕೆ ಶುರುವಾಗಿತ್ತು. ಅಂಥೋಳು ತೀರ್ಪು ಕೊಡೋದು ಹೇಗೆ?"

ಅವನು ಕಕ್ಕಾಬಿಕ್ಕಿಯಾದ.

"ಅಯ್ಯೋ... ನಾನು ಎಂಥಾ ಮಾತಾಡ್ಬಿಟ್ಟೆ!"

"ಬಿಡಿ. ಅಕ್ಕ ಹೇಗಿದ್ದಾರೆ?"

"ಹೊಸ ಪಾದ ಹಾಕ್ಕೊಂಡು ಮನೆ ತುಂಬಾ ಓಡಾಡ್ತಾಳೆ. ಅವತ್ತು ಮೆಟ್ಟಿಲ ಹತ್ರ ರೇಗಿದ್ದಕ್ಕೆ ನಿಮ್ಮ ಹತ್ರ ಕ್ಷಮೆ ಕೇಳಿ ಬಾ ಅಂತ ಅವಳೇ ಅಟ್ಟಿದ್ದು."

"ಬರೀ ಕ್ಷಮೆ ಕೇಳೋಕೆ ಬಂದ್ರಾ?"

ಅವನು ತಡವರಿಸಿದ. "ಇಲ್ಲ... ಇನ್ನೊಂದು ಮಾತಿದೆ. ಹೇಗೆ ಶುರು ಮಾಡ್ಲಿ ಅಂತ..."

"ಹೇಳಿ." ಅವಳ ಕಣ್ಣಂಚು ಒದ್ದೆಯಾಗಿತ್ತು, ತುಟಿಯಲ್ಲಿ ನಗು. "ಆದ್ರೆ ವಾದ ಮಾಡ್ಬೇಡಿ. ನಾನು ಆಗ್ಲೇ ಒಪ್ಕೊಂಡಾಗಿದೆ."